ಲಿವರ್ ಕಾಯಿಲೆಗೆ ಕರುಳಿನ ಔಷಧಿ: ವ್ಯಾಂಕೋಮೈಸಿನ್ ಜೊತೆ ನನ್ನ ಅನುಭವ

ನನ್ನ ಕಾಯಿಲೆ ಇರುವುದು ಲಿವರ್‌ನಲ್ಲಿ. ಅದಕ್ಕೆಂದು ನಾನು ಕುಡಿಯುವ ಔಷಧಿ ಮಾತ್ರ ಹೆಚ್ಚುಕಮ್ಮಿ ಪೂರ್ತಿ ಕರುಳಿನಲ್ಲೇ ಉಳಿದು ಹೊರಗೆ ಹೋಗುತ್ತದೆ. ಅದೊಂದು ಆಂಟಿಬಯೋಟಿಕ್, ಹೆಸರು ವ್ಯಾಂಕೋಮೈಸಿನ್. ಇದನ್ನು ಕೇಳಿದವರೆಲ್ಲ ಕೇಳುವ ಪ್ರಶ್ನೆ ಒಂದೇ: ಲಿವರ್‌ಗೆ ಹೋಗದ ಔಷಧಿಯಿಂದ ಲಿವರ್‌ಗೆ ಏನು ಲಾಭ? ನಾನೂ ಮೊದಲು ಡಾಕ್ಟ್ರನ್ನು ಕೇಳಿದ್ದು ಅದನ್ನೇ. ದೊಡ್ಡವರಲ್ಲಿ ಈ ಚಿಕಿತ್ಸೆಗೆ ಇನ್ನೂ ಗಟ್ಟಿ ಪುರಾವೆ ಇಲ್ಲ. ಅಷ್ಟು ಗೊತ್ತಿದ್ದೇ ನಾವು ಶುರು ಮಾಡಿದೆವು. ಯಾಕೆ ಮಾಡಿದೆವು, ಹೇಗೆ ಮಾಡಿದೆವು, ಈಗ ಎಲ್ಲಿಗೆ ಬಂದಿದ್ದೇವೆ ಎಂದು ಇದೇ ಕಾಯಿಲೆ ಇರುವವರಿಗಾಗಿ ಬರೆಯುತ್ತಿದ್ದೇನೆ.

ಕಾಯಿಲೆಯ ಪೂರ್ತಿ ಹೆಸರು ಪ್ರೈಮರಿ ಸ್ಕ್ಲಿರೋಸಿಂಗ್ ಕೊಲಾಂಜೈಟಿಸ್. ಅಷ್ಟುದ್ದ ಯಾರೂ ಹೇಳುವುದಿಲ್ಲ, ಪಿಎಸ್‌ಸಿ ಅನ್ನುತ್ತಾರೆ. ಲಿವರ್‌ನಲ್ಲಿ ತಯಾರಾಗುವ ಪಿತ್ತರಸ ಸಣ್ಣ ಸಣ್ಣ ನಾಳಗಳಲ್ಲಿ ಹರಿದು, ದೊಡ್ಡ ನಾಳ ಸೇರಿ, ಕರುಳಿಗೆ ಇಳಿಯುತ್ತದೆ. ಪಿಎಸ್‌ಸಿಯಲ್ಲಿ ಈ ನಾಳಗಳಿಗೆ ಉರಿಯೂತ ಬರುತ್ತದೆ. ಗಾಯ ಮಾಯುವಾಗ ಕಲೆ ಕಟ್ಟಿ ನಾಳ ಅಲ್ಲಲ್ಲಿ ಕಿರಿದಾಗುತ್ತದೆ, ಅದರ ಹಿಂದಿನ ಭಾಗ ಉಬ್ಬುತ್ತದೆ. ಎಂಆರ್‌ಸಿಪಿ ಎಂಬ ಸ್ಕ್ಯಾನ್‌ನಲ್ಲಿ ಅದು ಮಣಿಸರದ ಹಾಗೆ ಕಾಣುತ್ತದೆ. ಪಿತ್ತರಸ ಸರಾಗವಾಗಿ ಇಳಿಯದೆ ವರ್ಷಾನುಗಟ್ಟಲೆ ನಿಂತರೆ ಲಿವರ್ ಗಟ್ಟಿಯಾಗುತ್ತಾ ಹೋಗಿ ಕೊನೆಗೆ ಸಿರೋಸಿಸ್ ಆಗಬಹುದು. ಪಿತ್ತನಾಳದ ಕ್ಯಾನ್ಸರ್ ಬರುವ ಸಾಧ್ಯತೆಯೂ ಬೇರೆಯವರಿಗಿಂತ ತುಂಬಾ ಜಾಸ್ತಿ. ಇದಕ್ಕೂ ಕುಡಿತಕ್ಕೂ ಸಂಬಂಧವಿಲ್ಲ. ಲಿವರ್ ಕಾಯಿಲೆ ಎಂದ ಕೂಡಲೇ ಎದುರಿಗಿರುವವರ ಮುಖದಲ್ಲಿ ಆ ಅನುಮಾನ ಹಾದು ಹೋಗುತ್ತದೆ, ಅದಕ್ಕೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ನನಗೆ ಮೊದಲು ಬಂದದ್ದು ಕರುಳಿನ ಕಾಯಿಲೆ, ಅಲ್ಸರೇಟಿವ್ ಕೊಲೈಟಿಸ್. ಪಿಎಸ್‌ಸಿ ಇರುವವರಲ್ಲಿ ಸುಮಾರು 70 ಶೇಕಡಾ ಜನರಿಗೆ ಇಂಥ ಕರುಳಿನ ಉರಿಯೂತ ಇರುತ್ತದೆ. ಅದಕ್ಕೆಂದು ಮಾಡಿಸುತ್ತಿದ್ದ ಮಾಮೂಲಿ ರಕ್ತ ಪರೀಕ್ಷೆಯಲ್ಲಿ, ಪಿತ್ತನಾಳಕ್ಕೆ ತೊಂದರೆಯಾದಾಗ ಹೆಚ್ಚಾಗುವ ಎಎಲ್‌ಪಿ ಎಂಬ ಅಂಶ ಏರುತ್ತಾ ಹೋಗಿ ಮೇಲ್ಮಿತಿಯ ಸುಮಾರು ಮೂರು ಪಟ್ಟಿಗೆ ಬಂದು ನಿಂತಿತು. ಎಎಲ್‌ಪಿ ಮೂಳೆಯಿಂದಲೂ ಬರುತ್ತದೆ. ಹಾಗಾಗಿ ಜಿಜಿಟಿ ಎಂಬ ಇನ್ನೊಂದು ಪರೀಕ್ಷೆ ಮಾಡಿಸಿ, ಇದು ಪಿತ್ತನಾಳದ್ದೇ ಎಂದು ಖಚಿತ ಮಾಡಿಕೊಂಡರು. ಆಮೇಲೆ ಎಂಆರ್‌ಸಿಪಿ. ಅಷ್ಟರಲ್ಲಿ ತುರಿಕೆ ಶುರುವಾಗಿತ್ತು. ಅಂಗೈ, ಅಂಗಾಲು, ಅದೂ ರಾತ್ರಿ ಹೊತ್ತು. ಮೇಲೆ ಒಂದು ಗುಳ್ಳೆಯೂ ಕಾಣದು, ಎಷ್ಟು ಕೆರೆದುಕೊಂಡರೂ ಸಮಾಧಾನವಿಲ್ಲ.

“ಇದಕ್ಕೆ ಔಷಧಿ ಏನು ಡಾಕ್ಟ್ರೇ?” ಎಂದು ಕೇಳಿದೆ.

“ಕಾಯಿಲೆಯನ್ನೇ ತಡೆದು ನಿಲ್ಲಿಸುತ್ತದೆ ಅಂತ ಸಾಬೀತಾದ ಔಷಧಿ ಸದ್ಯಕ್ಕೆ ಒಂದೂ ಇಲ್ಲ. ತುರಿಕೆಗೆ ಇದೆ. ನಾಳ ಒಂದು ಕಡೆ ಜಾಸ್ತಿ ಕಿರಿದಾದರೆ ಎಂಡೋಸ್ಕೋಪಿಯಲ್ಲಿ ಅಗಲ ಮಾಡುತ್ತೇವೆ. ಲಿವರ್ ಪೂರ್ತಿ ಕೈಕೊಟ್ಟರೆ ಕಸಿ ಇದೆ. ನಿಮಗೆ ಸುಮ್ನೆ ಧೈರ್ಯ ಹೇಳೋದಕ್ಕಿಂತ ಇದ್ದದ್ದು ಇದ್ದ ಹಾಗೆ ಹೇಳೋದು ವಾಸಿ” ಎಂದರು.

ಉರ್ಸೋ ಎಂದು ಎಲ್ಲರೂ ಕರೆಯುವ ಉರ್ಸೋಡಿಯಾಕ್ಸಿಕೋಲಿಕ್ ಆಸಿಡ್ ಮಾತ್ರೆ ಕೊಟ್ಟರು. ಅದು ರಕ್ತದ ಅಂಕಿಗಳನ್ನು ಇಳಿಸುತ್ತದೆ, ಆದರೆ ಆಯುಸ್ಸು ಹೆಚ್ಚಿಸುತ್ತದೆ ಎಂದು ಯಾರಿಗೂ ತೋರಿಸಲು ಆಗಿಲ್ಲ. ಅಷ್ಟೇ ಅಲ್ಲ, 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೇಹದ ತೂಕದ ಪ್ರತಿ ಕಿಲೋಗೆ 28ರಿಂದ 30 ಮಿಲಿಗ್ರಾಂನಂತೆ ಉರ್ಸೋ ಕೊಟ್ಟಾಗ ಎಎಲ್‌ಪಿ ಚೆನ್ನಾಗಿಯೇ ಇಳಿಯಿತು. ಆದರೆ ಔಷಧಿ ತೆಗೆದುಕೊಂಡವರ ಸ್ಥಿತಿ ತೆಗೆದುಕೊಳ್ಳದವರಿಗಿಂತ ಕೆಟ್ಟಿತು. ರಿಪೋರ್ಟ್‌ನಲ್ಲಿ ಅಂಕಿ ಇಳಿದ ಮಾತ್ರಕ್ಕೆ ಕಾಯಿಲೆ ಇಳಿದಿದೆ ಎಂದು ನಂಬಬಾರದು ಎಂಬ ಎಚ್ಚರಿಕೆ ನನಗೆ ಬಂದದ್ದು ಈ ಅಧ್ಯಯನದಿಂದ. ಮುಂದೆ ವ್ಯಾಂಕೋಮೈಸಿನ್ ವಿಷಯದಲ್ಲಿ ಪ್ರತಿಯೊಂದು ನಿರ್ಧಾರಕ್ಕೂ ಇದು ಜೊತೆಗಿತ್ತು.

ವ್ಯಾಂಕೋಮೈಸಿನ್ ಮಾತು ಬಂದದ್ದು ಕರುಳಿನ ಉರಿಯೂತ ಮತ್ತೆ ಕೆರಳಿದಾಗ. ಇದು ಹಳೇ ಔಷಧಿ. 1950ರ ದಶಕದಲ್ಲಿ ಬೋರ್ನಿಯೋದಿಂದ ತಂದ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿಯಿಂದ ಎಲೈ ಲಿಲ್ಲಿ ಕಂಪನಿಯವರು ಇದನ್ನು ಬೇರ್ಪಡಿಸಿದರು, 1958ರಲ್ಲಿ ಅಮೆರಿಕದಲ್ಲಿ ಬಳಕೆಗೆ ಒಪ್ಪಿಗೆ ಸಿಕ್ಕಿತು. ಇದರ ಅಣು ತುಂಬಾ ದೊಡ್ಡದು. ಹಾಗಾಗಿ ಬಾಯಿಂದ ಕೊಟ್ಟರೆ ಕರುಳಿನ ಗೋಡೆ ದಾಟಿ ರಕ್ತಕ್ಕೆ ಹೋಗುವುದು ತೀರಾ ಕಡಿಮೆ. ರಕ್ತದಲ್ಲಿ ಸೋಂಕಿದ್ದರೆ ನರಕ್ಕೇ ಡ್ರಿಪ್ ಹಾಕಿ ಕೊಡಬೇಕು. ಬಾಯಿಂದ ಕೊಡುವುದು ಕರುಳಿನೊಳಗಿನ ಸೋಂಕಿಗೆ, ಮುಖ್ಯವಾಗಿ ಸಿ. ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದಿಂದ ಆಗುವ ಭೇದಿಗೆ.

ಲಿವರ್‌ಗೆ ಇದರ ಸಂಬಂಧ ಹೀಗಿದೆ. ಲಿವರ್‌ಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಪೋರ್ಟಲ್ ಎಂಬ ರಕ್ತನಾಳದಿಂದ ಬರುತ್ತದೆ, ಅಂದರೆ ಕರುಳನ್ನು ಸುತ್ತಿ ಬಂದ ರಕ್ತ. ಕರುಳಿನ ಗೋಡೆ ಉರಿಯೂತದಿಂದ ಸಡಿಲವಾದರೆ ಬ್ಯಾಕ್ಟೀರಿಯಾಗಳ ಚೂರುಪಾರು, ಅವು ತಯಾರಿಸಿದ ವಸ್ತುಗಳು ನೇರ ಲಿವರ್‌ಗೆ ಬಂದು ಪಿತ್ತನಾಳಗಳನ್ನು ಕೆರಳಿಸುತ್ತವೆ ಎಂಬುದು ಒಂದು ವಾದ. ಇನ್ನೊಂದು ಪಿತ್ತ ಆಮ್ಲಗಳದ್ದು. ಕರುಳಿಗೆ ಇಳಿದ ಪಿತ್ತ ಆಮ್ಲಗಳನ್ನು ಕೆಲವು ಬ್ಯಾಕ್ಟೀರಿಯಾಗಳು ಬದಲಾಯಿಸುತ್ತವೆ, ಬದಲಾದ ಆಮ್ಲಗಳು ಮತ್ತೆ ಲಿವರ್‌ಗೆ ವಾಪಸ್ ಹೋಗುತ್ತವೆ. ವ್ಯಾಂಕೋಮೈಸಿನ್ ಕೊಲ್ಲುವುದು ಗ್ರಾಂ ಪಾಸಿಟಿವ್ ಗುಂಪಿನ ಬ್ಯಾಕ್ಟೀರಿಯಾಗಳನ್ನು. ಈ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಅದೇ ಗುಂಪಿನವರು. ಎರಡೂ ವಾದ ಚೆನ್ನಾಗಿಯೇ ಕೂರುತ್ತವೆ. ಆದರೆ 2019ರಲ್ಲಿ ಜಪಾನಿನ ಸಂಶೋಧಕರು ಪಿಎಸ್‌ಸಿ ರೋಗಿಗಳ ಕರುಳಿನಲ್ಲಿ ಕಂಡ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇ ಎಂಬ ಬ್ಯಾಕ್ಟೀರಿಯಾ ಗ್ರಾಂ ನೆಗೆಟಿವ್ ಎಂಬ ಬೇರೆ ಗುಂಪಿನದು, ವ್ಯಾಂಕೋಮೈಸಿನ್ ಅದನ್ನು ಮುಟ್ಟುವುದೂ ಇಲ್ಲ. ಹಾಗಾಗಿ ಕಥೆ ಇನ್ನೂ ಪೂರ್ತಿಯಾಗಿಲ್ಲ ಎಂದು ನನಗನಿಸುತ್ತದೆ.

ರೋಗಿಗಳ ಮೇಲಿನ ಅನುಭವ ಶುರುವಾಗುವುದು ಮಕ್ಕಳಿಂದ. ಅಮೆರಿಕದ ಸ್ಟ್ಯಾನ್‌ಫೋರ್ಡ್‌ನ ಮಕ್ಕಳ ತಜ್ಞ ಕೆನೆತ್ ಕಾಕ್ಸ್ 1998ರಲ್ಲಿ ಮೂರು ಮಕ್ಕಳ ಬಗ್ಗೆ ಬರೆದರು. ಬಾಯಿಂದ ವ್ಯಾಂಕೋಮೈಸಿನ್ ಕೊಟ್ಟಾಗ ಅವರ ಲಿವರ್ ಪರೀಕ್ಷೆಗಳು ಸುಧಾರಿಸಿದ್ದವು. 2008ರಲ್ಲಿ ಅವರ ತಂಡ 14 ಮಕ್ಕಳ ವರದಿ ಕೊಟ್ಟಿತು. ಔಷಧಿ ನಿಲ್ಲಿಸಿದ ಮಕ್ಕಳಲ್ಲಿ ಅಂಕಿ ಮತ್ತೆ ಏರುತ್ತಿತ್ತು, ಶುರು ಮಾಡಿದರೆ ಇಳಿಯುತ್ತಿತ್ತು. ದೊಡ್ಡವರಲ್ಲಿ 2013ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರು 35 ಜನರಿಗೆ 12 ವಾರ ವ್ಯಾಂಕೋಮೈಸಿನ್ ಅಥವಾ ಮೆಟ್ರೋನಿಡಜೋಲ್ ಎಂಬ ಇನ್ನೊಂದು ಆಂಟಿಬಯೋಟಿಕ್ ಕೊಟ್ಟು ನೋಡಿದರು. ವ್ಯಾಂಕೋಮೈಸಿನ್ ಗುಂಪಿನಲ್ಲಿ ಎಎಲ್‌ಪಿ ಇಳಿಯಿತು. 2016ರಲ್ಲಿ ಇರಾನ್‌ನಲ್ಲಿ 29 ಜನರ ಮೇಲೆ, ಈ ಸಲ ಒಂದು ಗುಂಪಿಗೆ ಔಷಧಿಯಿಲ್ಲದ ಹುಸಿ ಮಾತ್ರೆ ಕೊಟ್ಟು ಹೋಲಿಸಿದಾಗಲೂ ಇಳಿಯಿತು. ಎಲ್ಲವೂ ಸಣ್ಣ ಅಧ್ಯಯನಗಳು, ದೊಡ್ಡವರ ಮೇಲಿನವು ಕೆಲವೇ ತಿಂಗಳವು. ಇದಕ್ಕೆ ವಿರುದ್ಧವಾದದ್ದೂ ಒಂದಿದೆ. 2021ರಲ್ಲಿ 264 ಮಕ್ಕಳನ್ನು ಹೋಲಿಸಿದ ಒಂದು ವಿಶ್ಲೇಷಣೆ ಬಂತು: ಮೂರರಲ್ಲಿ ಒಂದು ಪಾಲಿಗೆ ವ್ಯಾಂಕೋಮೈಸಿನ್, ಒಂದು ಪಾಲಿಗೆ ಉರ್ಸೋ, ಉಳಿದವರಿಗೆ ಏನೂ ಇಲ್ಲ. ಕೊನೆಗೆ ಔಷಧಿ ತೆಗೆದುಕೊಂಡವರು ಉಳಿದವರಿಗಿಂತ ಮುಂದೆ ಹೋಗಿರಲಿಲ್ಲ.

ಡಾಕ್ಟ್ರು ಇದೆಲ್ಲವನ್ನೂ ನನ್ನ ಮುಂದಿಟ್ಟರು, ಆ ಕೊನೆಯದನ್ನೂ ಸೇರಿಸಿ. ಅದಕ್ಕೇ ನನಗೆ ಅವರ ಮೇಲೆ ನಂಬಿಕೆ ಗಟ್ಟಿಯಾಯ್ತು. ಕರುಳಿನ ತೊಂದರೆಯೂ ಜೋರಾಗಿದ್ದದ್ದರಿಂದ ಪ್ರಯತ್ನಿಸಿ ನೋಡಬಹುದು ಎಂದರು. ಆದರೆ ಮೊದಲು ಒಂದು ಒಪ್ಪಂದ ಮಾಡಿಕೊಂಡೆವು. 12 ವಾರ ಕೊಡುವುದು. ಏನನ್ನು ಅಳೆಯುತ್ತೇವೆ ಎಂದು ಈಗಲೇ ಬರೆದಿಡುವುದು. ಅಷ್ಟರೊಳಗೆ ಏನೂ ಬದಲಾಗದಿದ್ದರೆ ನಿಲ್ಲಿಸುವುದು, ‘ಇನ್ನೊಂದು ತಿಂಗಳು ನೋಡೋಣ’ ಎನ್ನುವ ಹಾಗಿಲ್ಲ. ಬದಲಾದರೂ ಒಮ್ಮೆ ನಿಲ್ಲಿಸಿ ನೋಡುವುದು. ಈ ಕೊನೆಯ ಷರತ್ತು ನನಗೆ ಆಗ ಇಷ್ಟವಾಗಲಿಲ್ಲ. ಚೆನ್ನಾಗಿ ಆಗುತ್ತಿದ್ದರೆ ಯಾಕೆ ನಿಲ್ಲಿಸಬೇಕು ಅಲ್ವಾ? ಅವರು ಹೇಳಿದ್ದು: “ಪಿಎಸ್‌ಸಿಯಲ್ಲಿ ಎಎಲ್‌ಪಿ ತನಗೆ ತಾನೇ ಏರುತ್ತದೆ, ಇಳಿಯುತ್ತದೆ. ಔಷಧಿಯಿಂದ ಇಳಿಯಿತೋ, ಸುಮ್ಮನೆ ಇಳಿಯಿತೋ ಗೊತ್ತಾಗಬೇಕಾದರೆ ಬೇರೆ ದಾರಿ ಇಲ್ಲ.”

ಶುರುವಿಗೆ ಮುಂಚಿನ ತಯಾರಿ ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ ಇತ್ತು. ಎಎಲ್‌ಪಿಯನ್ನು ಬೇರೆ ಬೇರೆ ದಿನ ಪರೀಕ್ಷಿಸಿ, ಎಲ್ಲಿಂದ ಹೊರಡುತ್ತಿದ್ದೇವೆ ಎಂದು ಗೊತ್ತು ಮಾಡಿಕೊಂಡರು. ಬಿಲಿರುಬಿನ್, ಆಲ್ಬುಮಿನ್, ಪ್ಲೇಟ್‌ಲೆಟ್, ಹೊಸ ಎಂಆರ್‌ಸಿಪಿ, ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ನೋಡುವ ಫೈಬ್ರೋಸ್ಕ್ಯಾನ್, ಕೊಲೊನೋಸ್ಕೋಪಿ ಎಲ್ಲ ಆಯ್ತು. ಮಲದಲ್ಲಿ ಸಿ. ಡಿಫಿಸಿಲ್ ಇಲ್ಲವೆಂದು ಖಾತ್ರಿ ಮಾಡಿಕೊಂಡರು, ಯಾಕೆಂದರೆ ಅದಿದ್ದರೆ ವ್ಯಾಂಕೋಮೈಸಿನ್‌ನಿಂದ ಅದು ವಾಸಿಯಾಗಿ, ಪಿಎಸ್‌ಸಿಯೇ ಸುಧಾರಿಸಿತು ಎಂದು ನಾವು ತಿಳಿಯುವ ಅಪಾಯವಿದೆ. ಕರುಳಿನ ಉರಿಯೂತ ಎಷ್ಟಿದೆ ಎಂದು ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸಿದರು. ಕಿಡ್ನಿಗೆ ಕ್ರಿಯಾಟಿನಿನ್. ಕರುಳಿನ ಗೋಡೆ ಹುಣ್ಣಾಗಿದ್ದರೆ ಸ್ವಲ್ಪ ಔಷಧಿ ರಕ್ತಕ್ಕೆ ಸೇರಬಹುದು, ಅದರ ಜೊತೆ ಕಿಡ್ನಿಯೂ ನಿಧಾನವಾಗಿದ್ದರೆ ಅದು ರಕ್ತದಲ್ಲೇ ಕೂತುಬಿಡುತ್ತದೆ.

ವ್ಯಾಂಕೋಮೈಸಿನ್ ಕ್ಯಾಪ್ಸೂಲ್ ಆಗಿಯೂ ಬರುತ್ತದೆ. ನಾನು ಶುರು ಮಾಡಿದ್ದು ಇಂಜೆಕ್ಷನ್ ಬಾಟಲಿಯ ಪುಡಿಯಿಂದ. ಅದನ್ನೇ ಕುಡಿಯಲೂ ಬಳಸುತ್ತಾರೆ. 500 ಮಿಲಿಗ್ರಾಂ ಪುಡಿ ಇರುವ ಪುಟ್ಟ ಬಾಟಲಿಗೆ 10 ಮಿಲಿ ಶುದ್ಧ ನೀರು ಸೇರಿಸಿದರೆ ಪ್ರತಿ ಮಿಲಿಯಲ್ಲಿ 50 ಮಿಲಿಗ್ರಾಂ ಇರುತ್ತದೆ. ನನ್ನ ಒಂದು ಡೋಸ್ 125 ಮಿಲಿಗ್ರಾಂ, ಅಂದರೆ ಎರಡೂವರೆ ಮಿಲಿ, ದಿನಕ್ಕೆ ನಾಲ್ಕು ಸಲ. ಬೆರೆಸುವುದನ್ನು ಫಾರ್ಮಸಿಸ್ಟ್ ಕೈಹಿಡಿದು ಕಲಿಸಿದರು. ರಬ್ಬರ್ ಮುಚ್ಚಳ ಒರೆಸಬೇಕು, ನೀರು ಹಾಕಿದ ಮೇಲೆ ಜೋರಾಗಿ ಕುಲುಕದೆ ಮೆಲ್ಲಗೆ ತಿರುಗಿಸಬೇಕು, ಪುಡಿಯೆಲ್ಲ ಕರಗಿತೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಬೆರೆಸಿದ ದಿನಾಂಕ, ಬಿಸಾಡಬೇಕಾದ ದಿನಾಂಕ ಎರಡನ್ನೂ ಬಾಟಲಿ ಮೇಲೆ ಬರೆದು ಫ್ರಿಜ್‌ನಲ್ಲಿಡಬೇಕು.

ಮೊದಲ ಸಲ ಅಕ್ಕ ಪಕ್ಕದಲ್ಲಿದ್ದಳು. ಸೂಜಿಯಿಲ್ಲದ ಸಿರಿಂಜ್‌ನಲ್ಲಿ ಎಳೆದುಕೊಂಡು, “ಎರಡೂವರೆಗೆ ಸರಿಯಾಗಿ ನಿಂತಿದೆಯಾ ನೋಡಕ್ಕ” ಎಂದೆ. ಅವಳು ಕನ್ನಡಕ ಹಾಕಿಕೊಂಡು ಬಂದು, “ಮೇಲೆ ಗಾಳಿ ಗುಳ್ಳೆ ಇದೆ, ವಾಪಸ್ ಬಿಟ್ಟು ಇನ್ನೊಂದು ಸಲ ಎಳಿ” ಎಂದಳು. ಅದನ್ನು ಸ್ವಲ್ಪ ನೀರಿಗೆ ಹಾಕಿ ಕುಡಿದೆ. ಕಹಿ. ನುಂಗಿದ ಮೇಲೂ ನಾಲಿಗೆಯ ಹಿಂಭಾಗದಲ್ಲಿ ಅಂಟಿಕೊಂಡು ಕೂರುವ ಕಹಿ. ಹಣ್ಣಿನ ರಸದಲ್ಲಿ ಬೆರೆಸಿದರೆ ತಡೆಯಬಹುದು ಎಂದು ಆಮೇಲೆ ಗೊತ್ತಾಯ್ತು.

ಕಹಿಗಿಂತ ಕಷ್ಟವಾದದ್ದು ಹೊತ್ತು ಹೊಂದಿಸುವುದು. ತುರಿಕೆಗೆ ನಾನು ಕೊಲೆಸ್ಟೈರಮಿನ್ ಪುಡಿ ತೆಗೆದುಕೊಳ್ಳುತ್ತಿದ್ದೆ. ಅದು ಕರುಳಿನಲ್ಲಿ ಪಿತ್ತ ಆಮ್ಲಗಳನ್ನು ಹಿಡಿದುಕೊಂಡು ಹೊರಗೆ ಸಾಗಿಸುತ್ತದೆ. ತೊಂದರೆ ಏನೆಂದರೆ, ಅದು ವ್ಯಾಂಕೋಮೈಸಿನ್ ಅನ್ನೂ ಹಿಡಿದುಕೊಳ್ಳುತ್ತದೆ. ಉರ್ಸೋವನ್ನೂ ಬಿಡುವುದಿಲ್ಲ. ಎರಡನ್ನೂ ಹತ್ತಿರ ಹತ್ತಿರ ತೆಗೆದುಕೊಂಡರೆ ಆಂಟಿಬಯೋಟಿಕ್ ಕುಡಿದೂ ಕುಡಿಯದ ಹಾಗೆ. ದಿನಕ್ಕೆ ನಾಲ್ಕು ಡೋಸ್ ಮಧ್ಯೆ ಈ ಪುಡಿಗೆ ಜಾಗ ಎಲ್ಲಿ? ನಾನೂ ಫಾರ್ಮಸಿಸ್ಟೂ ಕೂತು ಒಂದು ಪಟ್ಟಿ ಮಾಡಿದೆವು, ಡಾಕ್ಟ್ರು ಒಪ್ಪಿದರು. ಪುಡಿ ದಿನಕ್ಕೆ ಒಂದೇ ಸಲಕ್ಕೆ ಇಳಿಯಿತು, ಎರಡು ಡೋಸ್‌ಗಳ ನಡುವಿನ ಅಂತರ ಆ ಒಂದು ಕಡೆ ಮಾತ್ರ ಉದ್ದವಾಯ್ತು. ಇಂಥದ್ದನ್ನು ಯಾರೂ ತಾವಾಗಿ ಬಂದು ಹೇಳುವುದಿಲ್ಲ. ತೆಗೆದುಕೊಳ್ಳುವ ಎಲ್ಲ ಔಷಧಿಗಳ ಪಟ್ಟಿ ಹಿಡಿದು ಒಬ್ಬರ ಮುಂದೆ ಕೂತರೆ ಮಾತ್ರ ಗೊತ್ತಾಗುತ್ತದೆ.

ಮೊದಲ ದಿನಗಳಲ್ಲಿ ಹೊಟ್ಟೆ ಉಬ್ಬರ, ಸ್ವಲ್ಪ ವಾಕರಿಕೆ ಇತ್ತು, ತಾನಾಗಿ ಹೋಯ್ತು. ಮೊದಲು ಸುಧಾರಿಸಿದ್ದು ಕರುಳು. ರಕ್ತ ಬೀಳುವುದು ನಿಂತಿತು. ರಾತ್ರಿ ಎದ್ದು ಓಡುವುದು ತಪ್ಪಿತು. ಹೊರಗೆ ಹೊರಡುವಾಗ ಶೌಚಾಲಯ ಎಲ್ಲಿದೆ ಎಂದು ಮೊದಲೇ ವಿಚಾರಿಸುವುದನ್ನು ಬಿಟ್ಟೆ. ಇದನ್ನು ಅನುಭವಿಸದವರಿಗೆ ಇದೆಂಥ ಬಿಡುಗಡೆ ಎಂದು ಹೇಳಿ ತಿಳಿಸುವುದು ಕಷ್ಟ. ಲಿವರ್ ಅಂಕಿಗಳು ನಿಧಾನ. ಎಎಲ್‌ಪಿ ಇಳಿಯುತ್ತಾ 12 ವಾರದ ಹೊತ್ತಿಗೆ ಹೆಚ್ಚುಕಮ್ಮಿ ಅರ್ಧಕ್ಕೆ ಬಂತು, ಮಾಮೂಲಿ ಮಿತಿಯೊಳಗೆ ಬರಲಿಲ್ಲ. ತುರಿಕೆ ಕಡಿಮೆಯಾಯ್ತು. ಸುಸ್ತು ಮಾತ್ರ ಕದಲಲಿಲ್ಲ. ಎಂಟು ಗಂಟೆ ನಿದ್ದೆ ಮಾಡಿ ಎದ್ದರೂ ಮೈ ಭಾರ, ಅದು ಇವತ್ತಿಗೂ ಹಾಗೇ ಇದೆ.

ಒಪ್ಪಂದದ ಪ್ರಕಾರ ನಿಲ್ಲಿಸಿದೆವು. ಆ ವಾರಗಳು ನನಗೆ ಬಹಳ ಕಷ್ಟವಾದವು. ಮೊದಲು ಕರುಳು ಕೆಟ್ಟಿತು, ಆಮೇಲೆ ಎಎಲ್‌ಪಿ ಏರಿತು. ಮತ್ತೆ ಶುರು ಮಾಡಿದಾಗ ಎರಡೂ ಇಳಿದವು. ಸ್ಟ್ಯಾನ್‌ಫೋರ್ಡ್‌ನ ಮಕ್ಕಳಲ್ಲಿ ಕಂಡದ್ದೇ ನನ್ನಲ್ಲೂ ಕಂಡಿತು. ಔಷಧಿ ನನ್ನ ಮೈಯಲ್ಲಿ ಏನೋ ಮಾಡುತ್ತಿದೆ ಎಂಬುದರಲ್ಲಿ ಈಗ ನನಗೆ ಅನುಮಾನವಿಲ್ಲ. ಆ ‘ಏನೋ’ ಪಿತ್ತನಾಳಗಳನ್ನು ಉಳಿಸುತ್ತಿದೆಯೇ ಎಂಬುದಕ್ಕೆ ಉತ್ತರ ಎಂಆರ್‌ಸಿಪಿಯಲ್ಲಿ ಸಿಗಬೇಕು. ಆಮೇಲೆ ಮಾಡಿಸಿದ ಸ್ಕ್ಯಾನ್‌ನಲ್ಲಿ ನಾಳಗಳು ಮೊದಲಿನ ಹಾಗೆಯೇ ಇದ್ದವು, ಕಿರಿದಾದ ಜಾಗ ಬಿಚ್ಚಿಕೊಂಡಿರಲಿಲ್ಲ, ಹೊಸದಾಗಿ ಕಿರಿದಾಗಿಯೂ ಇರಲಿಲ್ಲ. ಪಿಎಸ್‌ಸಿ ಎಷ್ಟೋ ಜನರಲ್ಲಿ ಔಷಧಿಯೇ ಇಲ್ಲದೆ ವರ್ಷಗಟ್ಟಲೆ ಹಾಗೇ ನಿಂತಿರುತ್ತದೆ. ಹಾಗಾಗಿ ನಾನು ಇದನ್ನು ಗೆಲುವು ಎಂದು ಲೆಕ್ಕಕ್ಕೆ ಹಿಡಿದಿಲ್ಲ.

ನನಗೆ ನಿಜವಾಗಿ ಚಿಂತೆ ಇರುವುದು ಇನ್ನೊಂದು ವಿಷಯದಲ್ಲಿ. ವ್ಯಾಂಕೋಮೈಸಿನ್ ಕೆಲವು ಮೊಂಡು ಸೋಂಕುಗಳಿಗೆ ಕೈಯಲ್ಲಿರುವ ಮುಖ್ಯ ಅಸ್ತ್ರ. ವಿಶ್ವ ಆರೋಗ್ಯ ಸಂಸ್ಥೆ ಆಂಟಿಬಯೋಟಿಕ್‌ಗಳನ್ನು ಮೂರು ಗುಂಪು ಮಾಡಿದೆ, ಇದನ್ನು ಎಚ್ಚರದಿಂದ ಬಳಸಬೇಕಾದ ‘ವಾಚ್’ ಗುಂಪಿನಲ್ಲಿಟ್ಟಿದೆ. ತಿಂಗಳುಗಟ್ಟಲೆ ಕುಡಿದರೆ ಕರುಳಿನಲ್ಲಿ ಇದಕ್ಕೆ ಬಗ್ಗದ ಎಂಟೆರೋಕಾಕಸ್ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. ಮುಂದೆ ಲಿವರ್ ಕಸಿ ಬೇಕಾಗಬಹುದಾದ ನನ್ನಂಥವರಿಗೆ ಅದು ಸಣ್ಣ ವಿಷಯವಲ್ಲ. ಕಸಿಯ ನಂತರ ರೋಗನಿರೋಧಕ ಶಕ್ತಿಯನ್ನು ಔಷಧಿ ಕೊಟ್ಟು ತಗ್ಗಿಸುತ್ತಾರೆ, ಆ ಹೊತ್ತಿನಲ್ಲಿ ಇಂಥ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದರೆ ಕೊಡಲು ಔಷಧಿಗಳೇ ಕಡಿಮೆ. ಅದಕ್ಕೇ ಆಗಾಗ ಅದನ್ನು ಹುಡುಕುವ ಪರೀಕ್ಷೆ ಮಾಡಿಸುತ್ತೇನೆ. ಯಾವ ಕಾರಣಕ್ಕೆ ಆಸ್ಪತ್ರೆಗೆ ಹೋದರೂ ನಾನು ವ್ಯಾಂಕೋಮೈಸಿನ್ ಮೇಲಿದ್ದೇನೆ ಎಂದು ಮೊದಲೇ ಹೇಳುತ್ತೇನೆ. ಅದು ಕಾಣಿಸಿಕೊಂಡರೆ ಮುಂದುವರಿಸುವ ಬಗ್ಗೆ ಹೊಸದಾಗಿ ಯೋಚಿಸುವುದು ಎಂದೂ ತೀರ್ಮಾನಿಸಿದ್ದೇವೆ.

ಈಗ ನಾನು ಔಷಧಿ ಮುಂದುವರಿಸುತ್ತಿದ್ದೇನೆ, ಮುಖ್ಯವಾಗಿ ಕರುಳಿನ ಸಲುವಾಗಿ. ಲಿವರ್‌ಗೂ ಒಳ್ಳೆಯದಾಗಲಿ ಎಂಬ ಆಸೆ ಜೊತೆಗಿದೆ. ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ, ವರ್ಷಕ್ಕೊಮ್ಮೆ ಲಿವರ್ ಸ್ಕ್ಯಾನ್, ಮೂಳೆ ಗಟ್ಟಿತನದ ಪರೀಕ್ಷೆ, ವಿಟಮಿನ್ ಡಿ ಯಾವುದನ್ನೂ ಬಿಟ್ಟಿಲ್ಲ. ಎಎಲ್‌ಪಿ ಇಳಿದಿದೆ ಎಂದು ಕ್ಯಾನ್ಸರ್ ಹುಡುಕುವ ಪರೀಕ್ಷೆಗಳನ್ನು ಮುಂದೂಡುವ ಹಾಗಿಲ್ಲ.

ಪಿಎಸ್‌ಸಿ ಇರುವವರು ನನ್ನನ್ನು ಕೇಳುತ್ತಾರೆ: ನಾವೂ ಶುರು ಮಾಡಬಹುದಾ? ತಾವಾಗಿ ತಂದು ಕುಡಿಯುವ ಔಷಧಿ ಇದಲ್ಲ ಎಂದು ಹೇಳುತ್ತೇನೆ. ಲಿವರ್ ತಜ್ಞರನ್ನು ಕೇಳಿ. ಹತ್ತಿರದಲ್ಲಿ ಇದರ ಮೇಲೆ ಅಧ್ಯಯನ ನಡೆಯುತ್ತಿದ್ದರೆ ಅದಕ್ಕೆ ಸೇರುವುದು ಎಲ್ಲಕ್ಕಿಂತ ಒಳ್ಳೆಯದು, ನಿಮ್ಮ ಅಂಕಿ ಮುಂದಿನವರಿಗೂ ಉಪಯೋಗಕ್ಕೆ ಬರುತ್ತದೆ. ಡಾಕ್ಟ್ರು ಬೇಡ ಎಂದರೆ ಕಾರಣ ಕೇಳಿ ತಿಳಿದುಕೊಳ್ಳಿ, ಆ ಕಾರಣಕ್ಕೂ ಸಾಕಷ್ಟು ತೂಕವಿದೆ.

ಇನ್ನೊಂದು ಮಾತು, ಇದನ್ನು ಮನೆಯವರಿಗೂ ಹೇಳಿಡಿ. ಚಳಿ ನಡುಗಿ ಜ್ವರ ಬಂದರೆ, ಕಣ್ಣು ಹಳದಿಯಾದರೆ, ಬಲ ಪಕ್ಕೆಲುಬಿನ ಕೆಳಗೆ ನೋವು ಶುರುವಾದರೆ ಅದು ಪಿತ್ತನಾಳದ ಸೋಂಕಿರಬಹುದು. ಕರುಳಿನಲ್ಲೇ ಉಳಿಯುವ ವ್ಯಾಂಕೋಮೈಸಿನ್ ಅಲ್ಲಿಗೆ ತಲುಪುವುದಿಲ್ಲ, ಅದಕ್ಕೆ ಬೇರೆ ಆಂಟಿಬಯೋಟಿಕ್ ಬೇಕು, ಒಮ್ಮೊಮ್ಮೆ ಕಟ್ಟಿಕೊಂಡ ನಾಳವನ್ನು ತಕ್ಷಣ ಬಿಡಿಸಬೇಕಾಗುತ್ತದೆ. ‘ಹೇಗೂ ಆಂಟಿಬಯೋಟಿಕ್ ಕುಡಿಯುತ್ತಿದ್ದೇನಲ್ಲ’ ಎಂದು ಮನೆಯಲ್ಲಿ ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.